ವೆರ್ಬೋವಾ ಬಾಲ್ಕಾ ಬಿದ್ದ ಬುಧವಾರ

ದೊನೆತ್ಸ್ಕ್ ಸೀಮೆಯ ವೆರ್ಬೋವಾ ಬಾಲ್ಕಾದಲ್ಲಿ ಇಪ್ಪತ್ತೆಂಟು ವರ್ಷ ಹಾಲಿನ ಕೇಂದ್ರ ನಡೆಸಿದ ಮೋತ್ರಿಯಾಗೆ ನೀರು ಬೆರೆಸಿದ ಹಾಲೂ ತಿಳಿಯುತ್ತಿತ್ತು, ನೀರು ಬೆರೆಸಿದ ಮಾತೂ ತಿಳಿಯುತ್ತಿತ್ತು. ಯುದ್ಧ ಬಂದ ಮೇಲೆ ಎರಡನೆಯದೇ ಜಾಸ್ತಿ. ಊರಲ್ಲಿ ಉಳಿದವರು ಅವಳು ಮತ್ತು ಗಂಡ ಓಸ್ತಾಪ, ಇಬ್ಬರೇ. ಬೀಟ್‌ರೂಟ್ ಮಡಿ ಅಗೆಯುವಾಗ ಶೆಲ್ಲಿನ ಚೂರೊಂದು ಅವನ ಮೀನಖಂಡಕ್ಕೆ ಹೊಕ್ಕಿತ್ತು. ಮನೆಯ ಸಾರಾಯಿಯಲ್ಲಿ ತೊಳೆದು ಕಟ್ಟಿದರೂ ಕಾಲು ಬಾತುಕೊಂಡಿತು. ಗುರುವಾರ ಸ್ವಯಂಸೇವಕರ ವ್ಯಾನು ಬಂದು ಆಸ್ಪತ್ರೆಗೆ ಒಯ್ಯುವುದೆಂದು ಮಾತಾಗಿತ್ತು.

ಬುಧವಾರ ಊರು ಬಿದ್ದಿತು. ಬಿದ್ದ ಚೆಂದ ಕೇಳಿ. ರಷ್ಯದ ಇಬ್ಬರು ಸೈನಿಕರು ಕೆಸರಲ್ಲಿ ತೆವಳಿ ಬಂದು, ಮುಚ್ಚಿದ ಅಂಗಡಿಯ ಮುಂದೆ ಬಾವುಟ ಬಿಡಿಸಿ ಹಿಡಿದು, ಮೇಲೆ ಹಾರುತ್ತಿದ್ದ ತಮ್ಮ ಡ್ರೋನಿಗೆ ಮುಖ ತೋರಿಸಿ, ಎದ್ದೆವೋ ಬಿದ್ದೆವೋ ಎಂದು ವಾಪಸು ಓಡಿದರು. ನಾಲ್ಕು ನಿಮಿಷದ ವೀರಗಾಥೆ. ಮೋತ್ರಿಯಾ ಕಿಟಕಿಯ ಸಂದಿಯಿಂದ ಕಣ್ಣಾರೆ ನೋಡಿದಳು. ಎರಡೂ ಕಡೆಯ ದೊಡ್ಡ ತಲೆಗಳಿಗೆ ಅಷ್ಟೇ ಸಾಕಾಯಿತು. ಅಲ್ಲಿನ ಜನರಲ್ ಊರು ಗೆದ್ದೆನೆಂದು ವರದಿ ಕಳಿಸಿದ, ಯಾವ ಊರು ಯಾರ ಕೈಲಿದೆಯೆಂದು ದಿನಾ ಬಣ್ಣ ಹಚ್ಚಿ ತೋರಿಸುವ ಇಲ್ಲಿನ ನಕ್ಷೆಯವರು ಆ ವಿಡಿಯೊ ನೋಡಿ ಊರಿಗೆ ಶತ್ರುವಿನ ಕೆಂಪು ಬಳಿದರು. ಬಂದು ಬಾಗಿಲು ತಟ್ಟಿ ನೋಡುವ ಕರ್ಮ ಯಾರಿಗೆ ಬೇಕು?

ಗುರುವಾರ ವ್ಯಾನು ಬರಲಿಲ್ಲ. ಮೋತ್ರಿಯಾ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಫೋನು ಮಾಡಿದಳು. ಕೆಂಪು ಊರಿಗೆ ಸೇನೆ ಗಾಡಿ ಬಿಡುವುದಿಲ್ಲವೆಂದು ಸ್ವಯಂಸೇವಕಿ ಅಳುವ ದನಿಯಲ್ಲಿ ಹೇಳಿದಳು.

"ನಿಮ್ಮೂರು ಅವರ ಕೈಲಿದೆ ಅಜ್ಜಿ, ನಕ್ಷೇಲಿ ಹಂಗೇ ತೋರಿಸ್ತಿದೆ."

"ನಕ್ಷೆಗೆ ಬೆಂಕಿ ಹಾಕ. ಇಲ್ಲಿ ನಾನಿದೀನಿ, ನನ್ನ ಗಂಡ ಇದಾನೆ, ಒಂದು ಮೇಕೆ ಇದೆ. ಇನ್ಯಾರಮ್ಮ ಇದಾರೆ?"

ವಿಚಾರಿಸಿ ಹೇಳುತ್ತೇನೆಂದ ಹುಡುಗಿ ಪಾಪ ವಿಚಾರಿಸಿಯೇ ವಿಚಾರಿಸಿದಳು. ಶುಕ್ರವಾರವೂ ಹೋಯಿತು. ಶನಿವಾರ ಕಾಲು ಕಪ್ಪಗಾಗಿ ನಾತ ಬಡಿಯಿತು. ಮೋತ್ರಿಯಾ ಇನ್ನು ಯಾರನ್ನೂ ಕೇಳಲಿಲ್ಲ. ಹಾಲಿನ ಕ್ಯಾನು ಸಾಗಿಸುತ್ತಿದ್ದ ಕೈಗಾಡಿಯಲ್ಲಿ ಗಂಡನನ್ನು ಮಲಗಿಸಿ, ಮಂಜು ಕವಿದ ಬೆಳಗಿನಲ್ಲಿ ಒಂಬತ್ತು ಕಿಲೋಮೀಟರು ಕೆಸರು ತುಳಿದು ತಳ್ಳಿದಳು. ಅರವತ್ತೇಳು ವರ್ಷದ ಸೊಂಟ ಅವಳದು.

ತಮ್ಮ ಸೇನೆಯ ತಪಾಸಣೆಯ ಠಾಣೆಯಲ್ಲಿದ್ದ ಅಧಿಕಾರಿ ಊರಿನ ಹೆಸರು ಕೇಳಿ ಹೌಹಾರಿದ. ಅಲ್ಲಿ ಶತ್ರುವಿನ ನೂರು ಜನ ಇದ್ದಾರಲ್ಲ, ಅವರು ಹೇಗೆ ಬಿಟ್ಟರು ಎಂದು ಇವಳನ್ನೇ ಅನುಮಾನಿಸಿದ. ಒಂದು ನರಪಿಳ್ಳೆಯೂ ಇಲ್ಲ ಎಂದಳು. ಅವನು ನಂಬಲಿಲ್ಲ. ನೂರು ಎಂದು ಮೇಲಿನವರು ಹೇಳಿಯಾಗಿತ್ತು.

ಠಾಣೆಯ ಗಾಡಿ ಮುಟ್ಟಿಸಿದ ಆಸ್ಪತ್ರೆಯಲ್ಲಿ ಓಸ್ತಾಪನ ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಗುರುವಾರವೇ ತಂದಿದ್ದರೆ ಉಳಿಯುತ್ತಿತ್ತು ಎಂದರು ಡಾಕ್ಟರು. ಮಾರನೆಯ ದಿನ ಸೇನೆಯ ಕೇಂದ್ರ ಕಚೇರಿಯಿಂದ ಇಸ್ತ್ರಿ ಮಾಡಿದ ಸಮವಸ್ತ್ರದ ಕರ್ನಲ್ ಒಬ್ಬ ಬಂದ. ಊರು ಯಾವಾಗ, ಹೇಗೆ ಕೈತಪ್ಪಿತು, ತೋರಿಸಿ ಎಂದು ನಕ್ಷೆ ಬಿಚ್ಚಿ, ಓಸ್ತಾಪನ ಹಾಸಿಗೆಯ ಮೇಲೆ, ಕಾಲಿಲ್ಲದೆ ಹೊದಿಕೆ ಸಪಾಟಾಗಿದ್ದ ಕಡೆ ಹರಡಿದ.

ಮೋತ್ರಿಯಾ ನಕ್ಷೆಯ ಕಡೆ ನೋಡಲೂ ಇಲ್ಲ.

"ತೆಗಿಯಪ್ಪ ಅದನ್ನ. ಊರು ಅಲ್ಲೇ ಇದೆ. ನೀವು ಕಳ್ಕೊಂಡಿದ್ದು ಇಲ್ಲಿತ್ತು."