ಮಮದಾಪುರದ ಕೆರೆಯಲ್ಲಿ ತುಳಿಯುವ ದೋಣಿ

ಕುರಿ ಕಾಯುವ ಬೀರಪ್ಪ ಕೆರೆಯ ನಟ್ಟನಡುವಿಗೆ ಕೋಲು ಚಾಚಿ, "ಅಲ್ಲೆ ಕುಂತು ನಾ ಹತ್ತ ವರ್ಷ ರೊಟ್ಟಿ ತಿಂದೇನಿ" ಅಂದರು. ನಾನು ನೋಡಿದೆ. ನೀರಿತ್ತು, ನೀರಿನ ಮೇಲೆ ಒಣಗಿದ ಜಾಲಿಯ ಎರಡು ತುದಿಗಳಿದ್ದವು, ಅಷ್ಟೇ. ಕುಮಟಾ ಕಡೆಯ ಕಡಲದಂಡೆಯಲ್ಲಿ ಹುಟ್ಟಿದ ನನಗೆ ನೀರಿನ ತಳವೆಂದರೆ ಯಾರೂ ಕಾಲಿಡದ ಜಾಗ. ಇಲ್ಲಿ ತಳವನ್ನು ಜನ ನಡೆದು ಬಲ್ಲರು. ಮಮದಾಪುರದ ಈ ಹಳೆಯ ಕೆರೆ ವರ್ಷಗಟ್ಟಲೆ ಒಣಗಿ ಕುರಿಗಳ ಅಡವಿಯಾಗಿತ್ತು. ಆಮೇಲೆ ನದಿಯ ನೀರನ್ನು ಪಂಪುಗಳಿಂದ ಎತ್ತಿ, ಕಾಲುವೆಯಲ್ಲಿ ತಂದು ತುಂಬಿಸಿದರು. ನಮ್ಮಲ್ಲಿ ನೀರು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಇಲ್ಲಿ ಅದನ್ನು ಕರೆದುಕೊಂಡು ಬರಬೇಕು.

ನಾನು ವಿಜಯಪುರದ ಈ ಸೀಮೆಗೆ ಬಂದದ್ದು ಮೀನಿಗಾಗಿ ಅಲ್ಲ. ಊರಿನ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದಾಗ ಬೆಲ್ಟಿಗೆ ಸಿಕ್ಕಿ ನನ್ನ ಬಲಗೈ ಹೋಯಿತು. ಹೋಯಿತು ಎಂದರೆ ಕೈ ಇದೆ, ಆದರೆ ಭುಜದ ಮಟ್ಟಕ್ಕೆ ಏಳುವುದಿಲ್ಲ, ಎಳೆಯುವ ಬಲವಿಲ್ಲ. ಕೆಲಸದ ಜೊತೆಗೆ ಅಣ್ಣನ ದೋಣಿಯಲ್ಲಿ ನನಗಿದ್ದ ಜಾಗವೂ ಹೋಯಿತು. ತಿಕೋಟಾ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ಬಲ್ಲವರು ಬೇಕೆಂದು ತಿಳಿದು ಬಂದೆ. ಅಲ್ಲಿ ಮಂಜುಗಡ್ಡೆ ಕಾಯುತ್ತಿದ್ದವನು ಇಲ್ಲಿ ದ್ರಾಕ್ಷಿ ಕಾಯತೊಡಗಿದೆ. ಬಾಡಿಗೆ ಮನೆಯ ಮಾಲಕಿ ಅಕ್ಕಾವರು ಮೊದಲ ದಿನವೇ, "ಮೀನ ಮನಿಯೊಳಗ ಬ್ಯಾಡ್ರಿ. ಅದಕ್ಕ ಬದ್ಲಿ ಎರಡ ರೊಟ್ಟಿ ದಿನಾ ನಾ ಕೊಡ್ತೇನಿ, ತಿನ್ರಿ" ಅಂದರು. ಕೊಡುತ್ತಲೂ ಇದ್ದಾರೆ.

ದಿನಚರಿ ಬರೆಯುವುದು ನನ್ನ ಹಳೆಯ ಅಭ್ಯಾಸ. ಅದರಲ್ಲಿ ಒಂದು ಸಾಲನ್ನು ತಪ್ಪದೆ ತುಂಬುತ್ತಿದ್ದೆ: ನೀರಿಗಿಳಿಯದ ದಿನಗಳು. ಅದು ನಾನೂರ ಹನ್ನೆರಡಕ್ಕೆ ಬಂದಾಗ ಬಬಲೇಶ್ವರದಿಂದ ಬಸ್ಸು ಹಿಡಿದು ಮೊದಲ ಸಲ ಈ ಕೆರೆಯ ಏರಿ ಹತ್ತಿದೆ. ಕುರಿ ನೀರಿಗೆ ಬಿಟ್ಟು ನಿಂತಿದ್ದ ಬೀರಪ್ಪ ಸಿಕ್ಕಿದ್ದು ಅಂದೇ. ಒಬ್ಬನೇ ದೋಣಿ ಹತ್ತಿ ಒಬ್ಬನೇ ದಡಕ್ಕೆ ಮರಳುವುದು ನನ್ನಿಂದ ಇನ್ನು ಸಾಧ್ಯವೇ? ನನಗೆ ಗೊತ್ತಾಗಬೇಕಿದ್ದದ್ದು ಇಷ್ಟೇ.

ನನಗೆ ಒಗ್ಗುವ ಕಯಾಕಿಗಾಗಿ ಎರಡು ತಿಂಗಳು ಹುಡುಕಿದೆ. ಕಯಾಕ್ ಎಂದರೆ ಒಬ್ಬರು ಕೂರುವ ಸಣ್ಣ, ಕಿರಿದಾದ ದೋಣಿ. ಹೆಚ್ಚಿನವನ್ನು ಹುಟ್ಟು ಹಾಕಿ ನಡೆಸಬೇಕು, ಅದಕ್ಕೆ ಎರಡೂ ಕೈ ಬೇಕು. ಕಾಲಿನಿಂದ ತುಳಿಯುವಂಥವು ಎರಡು ಬಗೆ. ಒಂದರಲ್ಲಿ ಸೈಕಲ್ಲಿನಂತೆ ಪೆಡಲ್ ತಿರುಗಿಸಿದರೆ ಅಡಿಯಲ್ಲಿ ಫ್ಯಾನು ತಿರುಗುತ್ತದೆ. ಇನ್ನೊಂದರಲ್ಲಿ ಒಂದು ಕಾಲು ಬಿಟ್ಟು ಒಂದು ಕಾಲು ಮುಂದೊತ್ತಿದರೆ, ಅಡಿಯಲ್ಲಿ ಎರಡು ರೆಕ್ಕೆಗಳು ಮೀನಿನ ಬಾಲದಂತೆ ಆಡುತ್ತವೆ. ಫ್ಯಾನಿನದು ಹಿಂದಕ್ಕೂ ಹೋಗುತ್ತದೆ, ಆದರೆ ಜೊಂಡು ಸುತ್ತಿಕೊಂಡರೆ ನಿಂತುಬಿಡುತ್ತದೆ. ರೆಕ್ಕೆಗಳನ್ನು ದೋಣಿಯ ಹೊಟ್ಟೆಗೆ ಮಡಚಿ ಅಂಟಿಸಬಹುದು. ಜಾಲಿ ಬೊಡ್ಡೆಗಳ ಕೆರೆಗೆ ರೆಕ್ಕೆಯದೇ ಸರಿ ಎಂದು ತೀರ್ಮಾನಿಸಿದೆ. ಉದ್ದ ಹತ್ತು ಅಡಿ ಮೀರಬಾರದು, ಮಗುಚದಷ್ಟು ಅಗಲವಿರಬೇಕು, ಚುಕ್ಕಾಣಿಯ ಹಿಡಿ ಎಡಗಡೆಗಿರಬೇಕು. ಬಳಸಿದ್ದೊಂದು ಸಿಕ್ಕಿತು. ಜುಲೈ ಆರರಂದು ಅದು ಲಾರಿಯಲ್ಲಿ ವಿಜಯಪುರಕ್ಕೆ ಬಂತು.

ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ದಸ್ತಗೀರ ಮಾಮಾ ನಮ್ಮ ಸ್ಟೋರೇಜಿನ ರ‍್ಯಾಕುಗಳನ್ನು ಮಾಡಿಕೊಟ್ಟವರು. ದೋಣಿಯನ್ನು ಅವರ ಅಂಗಡಿಯ ಮುಂದೆ ಇಳಿಸಿದಾಗ ಸುತ್ತು ಹಾಕಿ ನೋಡಿದರು.

"ಎಮ್ಮಿಗಿ ನೀರ ಕುಡಸು ತೊಟ್ಟಿ ತಂದೀ ಅಂತ ಮಾಡಿದ್ದೆ. ಇದರಾಗ ನೀ ಕುಂದರತೀ?"

"ಹೌದು ಮಾಮಾ."

"ಈಜು ಬರತೈತಿ?"

"ಮೊದಲು ಬರುತ್ತಿತ್ತು."

ಮಾಮಾ ಹಳೆಯ ಸ್ಕೂಟರಿನ ಎರಡು ಗಾಲಿ ಹುಡುಕಿ ತೆಗೆದು, ದೋಣಿಯನ್ನು ಒಂದೇ ಕೈಯಿಂದ ನೀರಿನ ತನಕ ನೂಕಲು ಸಣ್ಣ ಗಾಡಿ ಮಾಡಿಕೊಟ್ಟರು.

ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಪಡೆದವರನ್ನು ಕಂಡು, ಗಾಳ ಮಾತ್ರ ಹಾಕುತ್ತೇನೆ, ಬಲೆಗಳ ಹತ್ತಿರ ಸುಳಿಯುವುದಿಲ್ಲ ಎಂದು ಒಪ್ಪಿಗೆ ಪಡೆದೆ. ದೋಣಿ ಇಡಲು ಬೀರಪ್ಪ ತಮ್ಮ ಕುರಿಹಟ್ಟಿಯ ಮೂಲೆ ಕೊಟ್ಟರು. ಮೊದಲ ಮೂರು ಭಾನುವಾರ ದಡದ ಬದಿಯಲ್ಲೇ ತುಳಿದೆ: ಹನ್ನೊಂದು ನಿಮಿಷ, ಇಪ್ಪತ್ತು, ಮೂವತ್ತೈದು. ನಾಲ್ಕನೆಯ ಭಾನುವಾರ ನಡುನೀರಿಗೆ ಹೋಗಿ, ಅಲ್ಲಿ ಕಡಲಿನವನ ತಪ್ಪು ಮಾಡಿದೆ.

ನಮ್ಮಲ್ಲಿ ತಳ ಮರಳು, ಲಂಗರು ಇಳಿಸಿದರೆ ಎತ್ತಿದಾಗ ಬರುತ್ತದೆ. ಅದೇ ರೂಢಿಯಲ್ಲಿ ನಾಲ್ಕು ಕೊಕ್ಕೆಯ ಲಂಗರು ಬಿಟ್ಟು, ಕೈಗೆ ಎಟುಕಲೆಂದು ಹಗ್ಗವನ್ನು ಆಸನದ ಪಕ್ಕಕ್ಕೇ ಕಟ್ಟಿದೆ. ಲಂಗರು ಜಾಲಿಯ ಬೇರಿಗೆ ಸಿಕ್ಕಿತು. ಗಾಳಿ ಎದ್ದು ದೋಣಿಯನ್ನು ಅಡ್ಡಕ್ಕೆ ತಿರುಗಿಸಿತು. ಹಗ್ಗ ಬಿಗಿದ ಮಗ್ಗುಲು ವಾಲಿ ನೀರು ಒಳಗೆ ನುಗ್ಗಿತು. ನೆನೆದ ಗಂಟು ಒಂದು ಕೈಗೆ ಬಿಚ್ಚಿಕೊಳ್ಳಲಿಲ್ಲ. ಚಾಕು ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ, ಬಲಗಡೆಗಿತ್ತು. ಬಲಗೈ ಅಲ್ಲಿಯವರೆಗೆ ಹೋಗುವುದಿಲ್ಲ.

ಏರಿಯ ಮೇಲಿನಿಂದ ಬೀರಪ್ಪ ಕೂಗುತ್ತಿದ್ದರು. "ಲೇ ತಮ್ಮಾ, ಹಗ್ಗ ಕೊಯ್ಯಲೇ! ಕೊಯ್ಯಂತೀನಿ!"

ಉಳಿದದ್ದು ಕಾಲು. ಹಗ್ಗ ಹೋದ ಕಡೆಗೇ ಚುಕ್ಕಾಣಿ ತಿರುಗಿಸಿ ತುಳಿದೆ. ದೋಣಿ ಲಂಗರಿನ ಮೇಲಕ್ಕೆ ಬಂದಾಗ ಹಗ್ಗ ಸಡಿಲಾಯಿತು. ಹಲ್ಲಿನಿಂದ ಗಂಟು ಬಿಚ್ಚಿ ಬಿಟ್ಟುಬಿಟ್ಟೆ.

ದಡ ಸೇರಿದಾಗ ಬೀರಪ್ಪ ಕೋಲಿನಿಂದ ಕೆಸರಿನಲ್ಲಿ ಕೆರೆಯ ಆಕಾರ ಗೀರಿದರು. "ಇದು ಹಾಳ ಬಾಂವಿ. ಇದರ ಸುತ್ತ ಜಾಲಿ. ಇಲ್ಲಿಂದ ಇಲ್ಲಿಗಿ ಗಾಡಿ ದಾರಿ, ಏನೂ ಇಲ್ಲ, ಬಯಲು. ನೀ ಗಾಡಿ ದಾರಿ ಮ್ಯಾಲ ಹೋಗು. ಕೇಳೂದಿಲ್ಲೇನೋ ಯಪ್ಪಾ, ನಾ ಇಲ್ಲೇ ಇರ್ತೇನಲ್ಲ?" ಅದನ್ನು ದಿನಚರಿಗೆ ಇಳಿಸಿಕೊಂಡೆ. ನೀರಿನ ಅಡಿಯ ಗಾಡಿ ದಾರಿ ಹಿಡಿದು ದೋಣಿ ನಡೆಸುವವರು ನಮ್ಮೂರಲ್ಲಿ ಯಾರೂ ಇರಲಿಕ್ಕಿಲ್ಲ.

ನಡೆದದ್ದನ್ನು ಕೇಳಿ ದಸ್ತಗೀರ ಮಾಮಾ, "ಆ ಕೈ ಇನ್ನೂ ಐತಿ ಅಂತ ನೀ ದೋಣಿ ಕಟ್ಟೀ. ಇಲ್ಲ ಅಂತ ತಿಳಕೊಂಡ ಕಟ್ಟೂಣು" ಅಂದರು. ಇಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನವಿಡೀ ಕೂತು ಗಾಳದ ಕೋಲು ಸಿಕ್ಕಿಸುವ ನಳಿಕೆ, ಚಾಕು, ನೀರು ತೋಡುವ ಡಬ್ಬಿ ಎಲ್ಲವನ್ನೂ ಎಡಕ್ಕೆ ತಂದೆವು. ಹೊಸ ಲಂಗರಿನ ಹಗ್ಗ ದೋಣಿಯ ಮೂತಿಯ ಬಳೆಯೊಳಗಿಂದ ಬಂದು, ಒಂದು ಬೆರಳಿಗೆ ಕಳಚುವ ಕೊಕ್ಕೆಗೆ ಸೇರಿತು. ಆಮೇಲೆ ನವೆಂಬರ್ ಮುಗಿಯುವವರೆಗೆ ಹದಿನಾರು ಸಲ ಹೋದೆ. ಸಿಕ್ಕ ಮೀನು: ಒಂಬತ್ತು ರೋಹು, ನಾಲ್ಕು ಕಟ್ಲಾ. ಹದಿನಾರು ಸಲವೂ ಒಬ್ಬನೇ ಮರಳಿದೆ.

ಇದನ್ನು ಕೇಳಿ ಅಣ್ಣ, ದೋಣಿ ಸಮೇತ ಊರಿಗೆ ಬಾ ಎಂದು ಹಟ ಹಿಡಿದ. ಡಿಸೆಂಬರಿನಲ್ಲಿ ದ್ರಾಕ್ಷಿ ಒಯ್ಯುವ ಪಿಕಪ್ಪಿನ ಮೇಲೆ ಅದನ್ನು ಕಟ್ಟಿಕೊಂಡು ಹೋದೆ. ದಂಡೆಯಲ್ಲಿ ನಿಂತಾಗಲೇ ಮರೆತಿದ್ದು ನೆನಪಾಯಿತು. ಅಲೆ ಒಡೆಯುವ ಕಡೆ ನೀರು ಮೊಣಕಾಲುದ್ದ. ಅಲ್ಲಿ ರೆಕ್ಕೆ ಇಳಿಸಿದರೆ ಮರಳಿಗೆ ತಾಗಿ ಮುರಿಯುತ್ತದೆ. ಅಲೆಗಳ ಸಾಲು ದಾಟುವವರೆಗೆ ಹುಟ್ಟನ್ನೇ ಹಾಕಬೇಕು, ಎರಡು ಕೈಯಿಂದ.

"ಅಷ್ಟೇನಾ? ನಾವಿದ್ದೇವಲ್ಲ ಮಾರಾಯಾ" ಎಂದು ಅಣ್ಣ ಮೂವರನ್ನು ಕರೆದ. ನಾಲ್ವರೂ ಎದೆಮಟ್ಟದ ನೀರಿನವರೆಗೆ ದೋಣಿಯನ್ನು ಹಿಡಿದು ದಾಟಿಸಿದರು. ಆಚೆ ನಾನು ತುಳಿದೆ. ಅಡಿಯಿಂದ ಕಡಲು ಉಸಿರಾಡಿ ದೋಣಿಯನ್ನು ಎತ್ತಿ ಇಳಿಸಿತು. ಎರಡು ವರ್ಷ ನಾನು ಅದನ್ನೇ ಕಾದಿದ್ದೆ. ಮರಳುವಾಗ ಮತ್ತೆ ನಾಲ್ವರೂ ನೀರಿಗಿಳಿದು ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ನಾನು ಹೋಗುವ ಮೊದಲೇ ಅವರು ದಂಡೆಯಲ್ಲಿ ನಿಂತಿದ್ದರು. ಅವರ ಬಲೆ ಹಾಗೇ ರಾಶಿ ಬಿದ್ದಿತ್ತು. ಅವರು ಕಡಲಿಗೆ ಹೋಗುವ ಹೊತ್ತು ಮೀರುತ್ತಿತ್ತು.

"ಗಾಳಿ ಸರಿಯಿಲ್ಲ, ಇವತ್ತು ಬೇಡ" ಅಂದೆ. ಗಾಳಿ ಸರಿಯಾಗಿಯೇ ಇತ್ತು. ಅಣ್ಣನಿಗೂ ಗೊತ್ತಿತ್ತು. ಸಂಜೆ ದೋಣಿಯನ್ನು ಪಿಕಪ್ಪಿಗೆ ಕಟ್ಟಿದವನು ಅವನೇ. ಕಟ್ಟಿ, ಮತ್ತೊಮ್ಮೆ ಎಳೆದು ನೋಡಿ, "ಅಲ್ಲಿ ಅಲೆ ಇಲ್ಲ ಅಲ್ವಾ?" ಎಂದು ಕೇಳಿದ.

"ಇಲ್ಲ."

"ಹಾಗಾದ್ರೆ ಹೋಗು."

ಮೊನ್ನೆ ಭಾನುವಾರ ಮಮದಾಪುರದಲ್ಲಿ ಬೆಳಿಗ್ಗೆ ಏಳು ಹತ್ತಕ್ಕೆ ದೋಣಿಯನ್ನು ಎಡಗೈಯಿಂದ ನೂಕಿ, ಬಿದಿರಿನ ಗಳದಿಂದ ತಳ ಒತ್ತಿ, ತೊಡೆಮಟ್ಟದ ನೀರಿಗೆ ಬಂದ ಮೇಲೆ ರೆಕ್ಕೆ ಇಳಿಸಿದೆ. ದಿನಚರಿಯಲ್ಲಿ ಈಗ ಹೊಸದೊಂದು ಸಾಲಿದೆ: ನೀರಿಗೆ ತಳ್ಳಿದವರು. ಕುಮಟಾದ ದಿನದ ಎದುರು ನಾಲ್ಕು ಹೆಸರುಗಳಿವೆ. ಮೊನ್ನೆಯದರ ಎದುರು "ಯಾರೂ ಇಲ್ಲ" ಎಂದು ಬರೆದೆ. ಬರೆಯುವಾಗ ಹೆಮ್ಮೆಯಿಂದ ಅಕ್ಷರಗಳು ದೊಡ್ಡವಾಗಿ ಬಿದ್ದವು. ಸಂಜೆ ತಿಕೋಟಾದ ಕೋಣೆಯಲ್ಲಿ ಕೂತು ನೀರಿಗಿಳಿದ ದಿನಗಳ ಲೆಕ್ಕ ಕೂಡಿಸಲು ಅದೇ ಪುಟ ತೆರೆದೆ. ಅಣ್ಣನ ಹೆಸರಿನ ಕೆಳಗಿದ್ದ ಆ ಎರಡು ಪದಗಳ ಮೇಲೆ ಕಣ್ಣು ನಿಲ್ಲಿಸಲಾಗದೆ, ಕೂಡಿಸದೆಯೇ ಮುಚ್ಚಿಟ್ಟೆ.