ಬಾಗಿಲಲ್ಲಿಟ್ಟ ತಂಬಿಗೆ

ನಾನು ಓದಿದ್ದು ಮೂರನೇ ತರಗತಿ. ಆದರೂ ಒಂದು ಪದದ ಹುಟ್ಟು ನನಗೆ ಗೊತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ನೀರು ಹೊರುತ್ತಿದ್ದಾಗ, ರೋಗಿಗಳನ್ನು ನೋಡಲು ಬರುತ್ತಿದ್ದ ಮುದಿ ಪಾದ್ರಿಯೊಬ್ಬರು ಹೇಳಿದ್ದರು. ನಮ್ಮ ಆಸ್ಪತ್ರೆ ಇಂಗ್ಲಿಷರ ಹಾಸ್ಪಿಟಲ್. ಅದರ ಬೇರು ಲ್ಯಾಟಿನ್ನಿನ ‘ಹಾಸ್ಪೆಸ್’, ಅಂದರೆ ಮನೆಗೆ ಬಂದವನು. ಹೋಟೆಲೂ ಅದೇ ಬೇರಿನದು, ಫ್ರೆಂಚರ ದಾರಿಯಿಂದ ಬಂದದ್ದು. ಪೋರ್ಚುಗೀಸರು ಅತಿಥಿಯನ್ನು ಈಗಲೂ ‘ಓಸ್ಪೆದೆ’ ಎನ್ನುತ್ತಾರಂತೆ.

“ಮತ್ತ, ಬಂದವರನ್ನ ಒಳಗ ಕರಕೊಳ್ಳೋ ಮನಿಯವಗ ಏನಂತಾರ್ರಿ?”

“ಅವನಿಗೂ ಅದೇ ಪದ. ಲ್ಯಾಟಿನ್ನಿನಲ್ಲಿ ಎರಡಕ್ಕೂ ಒಂದೇ. ಫ್ರೆಂಚರಲ್ಲಿ ಇವತ್ತಿಗೂ ಹಾಗೇ,” ಎಂದರು.

ಹೆಗಲ ಮೇಲಿನ ಕೊಡ ಇಳಿಸುವುದನ್ನೂ ಮರೆತು ನಿಂತೆ.

ನಮ್ಮಲ್ಲಿ ಹಾಗಿಲ್ಲ. ಬಂದವರಿಗೆ ಬಾಗಿಲಲ್ಲಿ ತಂಬಿಗೆ ತುಂಬ ಕಾಲಿಗೆ ನೀರು ಕೊಡುತ್ತೇವೆ. ಮನೆಯವರು ನೇರ ಒಳಹೊಕ್ಕು ಬಚ್ಚಲಲ್ಲಿ ತೊಳೆದುಕೊಳ್ಳುತ್ತಾರೆ.

ನಾನು ಆಸ್ಪತ್ರೆಯ ಕೆಲಸಕ್ಕೆ ಸೇರುವ ಮೊದಲು, ಪ್ಲೇಗಿನ ವರ್ಷ, ಇಲಿ ಸತ್ತು ಬೀಳತೊಡಗಿದ ಮೇಲೆ ಊರು ಬಿಟ್ಟು ಕಮಲಾಪುರದ ಹೊಲದಲ್ಲಿ ಗುಡಿಸಲು ಹಾಕಿದ್ದೆವು. ಅಕ್ಕನಿಗೆ ಗಡ್ಡೆ ಎದ್ದಾಗ ಪ್ಲೇಗಿನ ಆಸ್ಪತ್ರೆಗೆ ಒಯ್ದರು. ಅವಳು ಉಳಿಯುತ್ತಾಳೆಂದು ಯಾರೂ ನಂಬಿರಲಿಲ್ಲ. ಉಳಿದಳು. ಒಂದು ಮುಸ್ಸಂಜೆ ಗುಡಿಸಲ ಮುಂದೆ ಬಂದು ನಿಂತಳು, ತಲೆ ಬೋಳು, ಸೀರೆಯೊಳಗೆ ಮೈಯೇ ಇಲ್ಲ ಅನ್ನುವಷ್ಟು ಸೊರಗಿದ್ದಳು.

ಒಳಗೆ ನನ್ನ ಹಸುಗೂಸು ಮಲಗಿತ್ತು. ಬಾ ಎನ್ನಲು ಬಾಯಿ ಬರಲಿಲ್ಲ. ತಂಬಿಗೆ ತಂದು ಹೊಸ್ತಿಲಾಚೆ ಇಟ್ಟೆ.

ಅವಳು ನಕ್ಕಳು. “ಏನ್ಲೇ ತಮ್ಮಾ, ನಾ ಏನ್ ಬೀಗತಿ ಆಗಿ ಬಂದೀನೇನು? ಮನಿ ಮಗಳಿಗೆ ಬಾಗಲದಾಗ ನೀರು ಇಡ್ತಾರೇನ್ಲೇ?”

“ಕೂಸು ಐತೆವ್ವಾ ಒಳಗ. ಇನ್ನಾ ಒಂದೀಟು ದಿನ ಆಸ್ಪತ್ರ್ಯಾಗ ಇರಬ್ಯಾಡೇನು?”

ನಗು ನಿಂತಿತು. ಬಗ್ಗಿ, ಎರಡೂ ಕಾಲು ಚೆನ್ನಾಗಿ ತೊಳೆದುಕೊಂಡಳು. ತಂಬಿಗೆ ಬೋರಲು ಹಾಕಿ, “ಕಂಪ್ಲಿ ಸಣ್ಣವ್ವನ ಮನಿಗೆ ಹೊಕ್ಕೀನಿ ಬಿಡು,” ಎಂದು ಬಂದ ದಾರಿಯಲ್ಲೇ ತಿರುಗಿದಳು.

ಕಂಪ್ಲಿಗೆ ಅವಳು ಮುಟ್ಟಲಿಲ್ಲ. ಹೊಳೆಯ ದಂಡೆಯಲ್ಲಿ, ಬಾಳೆತೋಟಗಳಲ್ಲಿ, ಹಂಪಿಯ ಮಂಟಪಗಳಲ್ಲಿ ಹುಡುಕಿದೆ. ಹೆಣವೂ ಸಿಗಲಿಲ್ಲ.

ಈಗ ನಮ್ಮ ಮನೆಯಲ್ಲಿ ಯಾರಿಗೂ ಬಾಗಿಲಲ್ಲಿ ನೀರು ಕೊಡಲು ನಾನು ಬಿಡುವುದಿಲ್ಲ. “ಇವರ ಮನ್ಯಾಗ ಕಾಲಿಗೆ ನೀರಿಗೂ ಬರ ಬಂದೈತಿ” ಎಂದು ಬೀಗರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಯಾರು ಬಂದರೂ ಒಳಗೆ ಕರೆದು ಬಚ್ಚಲು ತೋರಿಸುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಕೆಲವೊಮ್ಮೆ ಅಲ್ಲಿ, ಯಾರೂ ಇಲ್ಲದಾಗ, ನೀರು ಸುರಿದ ಸದ್ದಾಗುತ್ತದೆ. ನೋಡಲು ಹೋಗುವುದಿಲ್ಲ. ತೊಳೆದುಕೊಳ್ಳಲಿ.