ಒಂದು ಒಣ, ಒಂದು ಒದ್ದೆ

ಆಯುಧ ಪೂಜೆಯ ಬೆಳಿಗ್ಗೆ ಕೊಪ್ಪಳದ ಮನೆ ಮುಂದೆ ಬೈಕ್ ತೊಳೀತಿದ್ದೆ. ಜೇಬಿನಲ್ಲಿದ್ದ ಮೊಬೈಲ್ ಒಂದೇ ಸಮ ಚೀರತೊಡಗಿತು. ‘ಮಣ್ಣಿನ ತೇವಾಂಶ: ಸೊನ್ನೆ.’

ಪೈಪ್ ಅಲ್ಲೇ ಬಿಸಾಕಿದೆ ನೋಡ್ರಿ.

ಇರಕಲ್ಲಗಡದಲ್ಲಿ ನಮ್ಮಕ್ಕನ ಮನೆ, ಅದರ ಹಿಂದೆಯೇ ಅವಳ ಪಾಲಿಹೌಸ್ ಇದೆ. ಒಳಗೆ ದೊಣ್ಣಮೆಣಸಿನಕಾಯಿ, ಈಗಷ್ಟೇ ಹೂ ಬಿಟ್ಟಿದೆ. ಮಣ್ಣಲ್ಲಿ ಎರಡು ಸೆನ್ಸರ್: ಒಂದು ಹಳೇದು, ಇನ್ನೊಂದು ಹೊಸದು, ದುಬಾರಿದು. ಎರಡೂ ಹೇಳೋದು ಅಕ್ಕನ ಫೋನಿಗೂ ಬರುತ್ತೆ, ನನ್ನ ಫೋನಿಗೂ. ಫೋನಿನಿಂದಲೇ ಡ್ರಿಪ್ಪಿನ ಮೋಟರ್ ಚಾಲೂ ಮಾಡಬಹುದು. (‘ನಾ ಫೋನ್ ಎತ್ತಲಿಲ್ಲಂದ್ರ ನೀ ನೋಡ್ಕೋ ತಮ್ಮಾ’ ಅಂದಿದ್ದಳು. ಎಂಥಾ ನಂಬಿಕೆ!)

ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಊಹೂಂ.

ಹೊರಗೇ ಇಷ್ಟು ಬಿಸಿಲು. ಪ್ಲಾಸ್ಟಿಕ್ ಸೂರಿನ ಕೆಳಗೆ ಇನ್ನೆಷ್ಟು ಕಾವು ಇರಬೇಡ? ಮೋಟರ್ ಚಾಲೂ ಮಾಡಿದೆ. ಕಾದೆ, ಕಾದೆ. ಹೊಸ ಸೆನ್ಸರ್ ಮತ್ತೂ ಸೊನ್ನೆ ಅಂತು. ಹಳೇದು ಮಾತ್ರ ‘ಒದ್ದೆ, ಒದ್ದೆ’ ಅಂತಿತ್ತು. ಹಳೇದು ಕೆಟ್ಟಿರಬೇಕು ಅಂದುಕೊಂಡೆ. ಹೆದರಿಕೆ ಹುಟ್ಟಿಸಿದವರನ್ನೇ ನಾವು ಬೇಗ ನಂಬ್ತೀವಿ, ಅಲ್ವಾ?

ಪೈಪ್ ಒಡೆದಿದ್ರೆ? ಅಕ್ಕನಿಗೇ ಏನಾದ್ರೂ ಆಗಿದ್ರೆ? ಮೋಟರ್ ಹಾಗೇ ಬಿಟ್ಟು, ಒದ್ದೆ ಬೈಕನ್ನೇ ಹತ್ತಿ ಹೊರಟೆ.

ಹೋಗಿ ನೋಡಿದರೆ ಅಕ್ಕ ಹೋಳಿಗೆ ಮಾಡ್ತಾ ಕೂತಿದ್ದಾಳೆ. ‘ಬಾರೋ, ಛಲೋ ಟೈಮಿಗೆ ಬಂದಿ!’

‘ಫೋನ್ ಎಲ್ಲೈತಿ?’

‘ಒಳಗ ಚಾರ್ಜಿಗೆ ಹಾಕೀನಿ. ಯಾಕ, ಮಾರಿ ಹಿಂಗ್ಯಾಕ ಆಗೇತಿ?’

ದೇವರ ಮುಂದೆ ಕುಡಗೋಲು, ಸಲಿಕೆ, ಔಷಧಿ ಹೊಡೆಯೋ ಪಂಪು. ಪಕ್ಕದಲ್ಲಿ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂ ಏರಿಸಿದ ಹೊಸ ಸೆನ್ಸರ್!

‘ಅದೂ ನಮ್ಮ ಆಯುಧನ ಅಲ್ಲೇನೋ? ಹಳೇದು ಅಲ್ಲೇ ಮಣ್ಣಾಗ ಐತಿ’ ಅಂದಳು.

ಮೋಟರ್ ಇನ್ನೂ ಓಡ್ತಿತ್ತು. ಫೋನಿನಲ್ಲೇ ಬಂದ್ ಮಾಡಿ, ಹೇಗೋ ವಿಷಯ ಹೇಳಿದೆ. ‘ಅಯ್ಯ ನನ ಶಿವನ! ಮುಂಜಾನೆನ ನೀರು ಬಿಟ್ಟಿದ್ನಲ್ಲೋ!’ ಅಂತ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿದಳು.

ಪಾಲಿಹೌಸಿನ ಸಾಲುಗಳ ನಡುವೆ ನೀರು ನಿಂತಿತ್ತು. ಅಕ್ಕ ಬೈಯಲಿಲ್ಲ. ಬೈದಿದ್ರೆ ಛಲೋ ಇತ್ತು. ಕೆಸರಲ್ಲಿ ಕೂತು ಒಂದು ಗಿಡದ ಬುಡ ಮುಟ್ಟಿ, ‘ಬೇರು ಕೊಳತ್ರ ಒಂದೂ ಉಳಿಯಂಗಿಲ್ಲ ತಮ್ಮಾ. ನಾಕು ದಿನ ನೋಡೂಣು’ ಅಂದಳು.

ಆ ನಾಕು ದಿನ ಇವತ್ತಿಗೆ ಮುಗಿದವು. ಎರಡೂ ಸೆನ್ಸರ್ ಈಗ ಮಣ್ಣಲ್ಲಿವೆ, ಎರಡೂ ಒದ್ದೆ ಅಂತಿವೆ. ಬೇರು ಬದುಕಿದೆಯೋ ಇಲ್ಲವೋ, ಅದನ್ನ ಮಾತ್ರ ಯಾವುದೂ ಹೇಳ್ತಿಲ್ಲ.

ಇದನ್ನು ಬರೀತಿರುವಾಗಲೇ ಮೊಬೈಲ್ ಬಡ್ಕೊಳ್ತಿದೆ. ಪರದೆ ಮೇಲೆ ‘ಅಕ್ಕ’ ಅಂತಿದೆ. ನೀವಾಗಿದ್ರೆ ಎತ್ತುತ್ತಿದ್ರಾ?